ಕುದುರೆ ಕುಂಟುತ್ತಿದೆ: ಗೊರಸು ಮತ್ತು ಮೈತೂಕ ಹಿಡಿದು ದೋಷ ಹುಡುಕುವ ಬಗೆ

ಕುದುರೆ ಕುಂಟಿದೊಡನೆ ನಮ್ಮವರ ಕೈ ಮೊದಲು ಹೋಗುವುದು ಭುಜಕ್ಕೆ. ಭುಜ ಹಿಡಿದುಕೊಂಡಿದೆ ಎಂದು ಎಣ್ಣೆ ಕಾಯಿಸಿ ನೀವುತ್ತಾರೆ, ಬಿಸಿನೀರಿನ ಶಾಖ ಕೊಡುತ್ತಾರೆ, ವಾರ ಕಳೆಯುತ್ತದೆ. ಅಷ್ಟರಲ್ಲಿ ಗೊರಸಿನೊಳಗಿದ್ದ ಕೀವು ಮೇಲೇರಿ ಕೂದಲಂಚಿನಲ್ಲಿ, ಅಂದರೆ ಕಾಲಿನ ಕೂದಲು ಮುಗಿದು ಗೊರಸು ಶುರುವಾಗುವಲ್ಲಿ, ಒಡೆದಿರುತ್ತದೆ. ಮುಂಗಾಲು ಕುಂಟುವ ಕುದುರೆಗಳಲ್ಲಿ ಬಹುಪಾಲಿಗೆ ನೋವಿರುವುದು ಗೊರಸಿನಲ್ಲೇ. ಆದ್ದರಿಂದ ಗೊರಸಿನಲ್ಲಿ ಏನೂ ಇಲ್ಲ ಎಂದು ಖಚಿತವಾಗುವ ತನಕ ಮೇಲಕ್ಕೆ ಹೋಗಬೇಡಿ.

ಇದು ಪಶುವೈದ್ಯರೆಲ್ಲರೂ ಹೇಳುವ ಮಾತು. ಅದರ ಜೊತೆಗೆ ನಾನು ಸೇರಿಸುವುದು ಇಷ್ಟು: ಗೊರಸು ಕೆರೆಯುವ ಕೊಕ್ಕೆಯ ಪಕ್ಕದಲ್ಲೇ ದರ್ಜಿಯ ಟೇಪೂ ಇರಲಿ. ಹೆಸರಘಟ್ಟ, ಯಲಹಂಕ, ಸರ್ಜಾಪುರದ ಕಡೆಯ ಸಣ್ಣ ಲಾಯಗಳಲ್ಲಿ ರೇಸಿನಿಂದ ನಿವೃತ್ತವಾದ ಥರೋಬ್ರೆಡ್, ಮದುವೆ ಮೆರವಣಿಗೆಯ ಮಾರವಾಡಿ ಇಲ್ಲವೇ ಕಾಠಿಯಾವಾಡಿ, ಮಕ್ಕಳ ಸವಾರಿಗೆಂದು ತಂದ ಪೋನಿ ಪಕ್ಕಪಕ್ಕದಲ್ಲೇ ನಿಂತಿರುತ್ತವೆ. ಎಲ್ಲಕ್ಕೂ ಒಂದೇ ಡಬ್ಬಿಯಲ್ಲಿ ಅಳೆದ ಹುರುಳಿ, ಒಂದೇ ಬೊಗಸೆಯ ಬೂಸಾ. ಥರೋಬ್ರೆಡ್‌ನ ಪಕ್ಕೆಲುಬು ಎಣಿಸಬಹುದು, ಪೋನಿಯ ಕತ್ತು ದಿಂಬಿನಷ್ಟು ದಪ್ಪ. ಹೊರಗಿನಿಂದ ನೋಡಿದರೆ ಎರಡೂ ಕುಂಟುತ್ತಿವೆ, ಆದರೆ ರೋಗ ಬೇರೆ, ಮದ್ದೂ ಬೇರೆ. ತೂಕ ಗೊತ್ತಿಲ್ಲದೆ ಗೊರಸಿನ ರೋಗ ಅರ್ಧ ಮಾತ್ರ ಗೊತ್ತಾಗುತ್ತದೆ.

ಮೊದಲು ಫೋನ್, ಆಮೇಲೆ ಪರೀಕ್ಷೆ

ಕೆಲವು ಸಂದರ್ಭಗಳಲ್ಲಿ ಕೈಪಿಡಿ ಓದುತ್ತ ಕೂರಬಾರದು. ಕಾಲು ನೆಲಕ್ಕೆ ಊರಲೇ ಆಗುತ್ತಿಲ್ಲ, ಕೀಲಿನ ಹತ್ತಿರ ಗಾಯವಾಗಿದೆ, ಕಾಲು ಅಸಹಜವಾಗಿ ತಿರುಗಿದೆ, ಕುದುರೆ ಮಲಗಿದಲ್ಲಿಂದ ಏಳುತ್ತಿಲ್ಲ ಎಂದಾದರೆ ನೇರವಾಗಿ ವೈದ್ಯರಿಗೆ ಫೋನ್ ಮಾಡಿ.

ಗೊರಸಿನ ಅಡಿಗೆ ಮೊಳೆ ಚುಚ್ಚಿಕೊಂಡಿದ್ದರೂ ಹಾಗೆಯೇ. ಬೆಂಗಳೂರಿನ ಹೊರವಲಯದಲ್ಲಿ ಇದು ದಿನನಿತ್ಯದ ಅಪಾಯ: ಸೆಂಟ್ರಿಂಗ್ ಹಲಗೆಯ ಮೊಳೆ, ಶಾಮಿಯಾನದ ಗೂಟ, ಕಟ್ಟುವ ಕಂಬಿಯ ತುಂಡು. ಕಂಡ ತಕ್ಷಣ ಇಕ್ಕಳ ಹಾಕಿ ಎಳೆಯಬೇಕೆನಿಸುತ್ತದೆ. ಎಳೆಯಬೇಡಿ. ಮೊಳೆ ಇದ್ದಲ್ಲೇ ಇದ್ದರೆ ಎಕ್ಸ್‌ರೇಯಲ್ಲಿ ಅದು ಯಾವ ದಿಕ್ಕಿಗೆ, ಎಷ್ಟು ಆಳಕ್ಕೆ ಹೋಗಿದೆ ಎಂದು ಸ್ಪಷ್ಟವಾಗಿ ಕಾಣುತ್ತದೆ. ಎಳೆದುಬಿಟ್ಟರೆ ತೂತು ಮುಚ್ಚಿಕೊಂಡು ದಾರಿಯೇ ಕಳೆದುಹೋಗುತ್ತದೆ. ಕಾಲು ಊರಿದಾಗ ಮೊಳೆ ಇನ್ನೂ ಒಳಕ್ಕೆ ಹೋಗದಂತೆ ಅದರ ಸುತ್ತ ಬಟ್ಟೆಯ ದಪ್ಪ ಮೆತ್ತೆ ಕಟ್ಟಿ ಕುದುರೆಯನ್ನು ಅಲ್ಲೇ ನಿಲ್ಲಿಸಿ. ಅದೂ ಆಗದು ಎಂಬ ಪರಿಸ್ಥಿತಿಯಿದ್ದರೆ ಮಾತ್ರ ಎಳೆಯಿರಿ. ಆದರೆ ಎಳೆಯುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ತೂತಿನ ಸುತ್ತ ಮಾರ್ಕರ್‌ನಿಂದ ಗುರುತು ಹಾಕಿ, ಮೊಳೆಯನ್ನು ಎಸೆಯದೆ ಇಟ್ಟುಕೊಳ್ಳಿ. ಅಡಿಯ ನಡುವಿನ ತ್ರಿಕೋನಾಕಾರದ ಮೆತ್ತನೆಯ ಭಾಗಕ್ಕೆ ಚುಚ್ಚಿದ ಮೊಳೆ ಎಲ್ಲಕ್ಕಿಂತ ಅಪಾಯಕಾರಿ. ಅದರ ನೇರಕ್ಕೆ ಒಳಗೆ ನಾವಿಕ್ಯುಲರ್ ಮೂಳೆ, ಅದರ ದ್ರವದ ಚೀಲ ಮತ್ತು ಬಲವಾದ ಸ್ನಾಯುರಜ್ಜು ಇವೆ. ಅಲ್ಲಿಗೆ ಸೋಂಕು ತಗಲಿದರೆ ಕುದುರೆಯನ್ನು ಉಳಿಸುವುದೇ ಕಷ್ಟ.

ವೈದ್ಯರು ಬರುವ ಮೊದಲು ನೋವಿನ ಮದ್ದು ಕೊಡಬೇಡಿ. ನೋವು ಅಡಗಿದರೆ ಅವರಿಗೆ ನೋಡಲು ಏನೂ ಉಳಿದಿರುವುದಿಲ್ಲ. ಔಷಧಿ ಅಂಗಡಿಯಿಂದ ಮನುಷ್ಯರ ಡೈಕ್ಲೋಫೆನ್ಯಾಕ್ ತಂದು ಚುಚ್ಚುವವರು ಇನ್ನೂ ಇದ್ದಾರೆ. ರಣಹದ್ದುಗಳ ಸಾವಿಗೆ ಕಾರಣವಾದ ಆ ಔಷಧಿಯನ್ನು ಪ್ರಾಣಿಗಳಿಗಾಗಿ ತಯಾರಿಸುವುದನ್ನು ಭಾರತ ಸರ್ಕಾರ 2006ರಲ್ಲೇ ನಿಲ್ಲಿಸಿತು. ರಣಹದ್ದುಗಳ ಧಾಮವಾದ ರಾಮನಗರದ ರಾಮದೇವರ ಬೆಟ್ಟ ಇಲ್ಲೇ ಹತ್ತಿರದಲ್ಲಿದೆ, ನೆನಪಿರಲಿ.

ಯಾವ ಕಾಲು?

ಕೇಳಲು ಸುಲಭ, ಆದರೆ ಲಾಯದಲ್ಲಿ ನಾಲ್ಕು ಜನ ನಿಂತು ನೋಡಿದರೆ ನಾಲ್ಕು ಕಾಲಿಗೂ ಒಬ್ಬೊಬ್ಬ ವಕೀಲ ಸಿಗುತ್ತಾನೆ. ಕುದುರೆಯನ್ನು ಗಟ್ಟಿಯಾದ, ಸಮತಟ್ಟಾದ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು, ನೇರವಾಗಿ ದುಲ್ಕಿ (ಟ್ರಾಟ್) ಓಡಿಸಿ. ಹಗ್ಗವನ್ನು ಬಿಗಿಯಾಗಿ ಹಿಡಿದರೆ ತಲೆ ಆಡುವುದು ಕಾಣುವುದಿಲ್ಲ. ನೋವಿರುವ ಮುಂಗಾಲು ನೆಲಕ್ಕೆ ತಾಗಿದಾಗ ತಲೆ ಮೇಲಕ್ಕೆ ಹೋಗುತ್ತದೆ, ಸರಿಯಿರುವ ಕಾಲು ತಾಗಿದಾಗ ಕೆಳಕ್ಕೆ ಬರುತ್ತದೆ. ಹಿಂಗಾಲಿನ ನೋವಾದರೆ ಹಿಂದಿನಿಂದ ನಿಂತು ಸೊಂಟ ನೋಡಿ. ನೋವಿರುವ ಕಡೆಯ ಸೊಂಟ ಹೆಚ್ಚು ಏರಿಳಿಯುತ್ತದೆ. ಕಣ್ಣಿಗಿಂತ ಕಿವಿಯನ್ನು ನಂಬುವವರೂ ಇದ್ದಾರೆ: ಸಿಮೆಂಟಿನ ಮೇಲೆ ಲಾಳದ ಸದ್ದಿನಲ್ಲಿ ಒಂದು ಏಟು ಮೆಲ್ಲಗೆ ಕೇಳಿಸಿದರೆ ಆ ಕಾಲಿನ ಮೇಲೆ ಕುದುರೆ ಭಾರ ಹಾಕುತ್ತಿಲ್ಲ.

ಎರಡೂ ಮುಂಗಾಲು ಸಮನಾಗಿ ನೋಯುತ್ತಿದ್ದರೆ ತಲೆ ಆಡುವುದೇ ಇಲ್ಲ. ಹೆಜ್ಜೆ ಚಿಕ್ಕದಾಗುತ್ತದೆ, ತಿರುವಿನಲ್ಲಿ ಕುದುರೆ ಹಿಂಜರಿಯುತ್ತದೆ, ಮೆತ್ತನೆಯ ಮಣ್ಣಿನ ಮೇಲೆ ಸಲೀಸಾಗಿ ನಡೆದದ್ದು ಟಾರು ಸಿಕ್ಕೊಡನೆ ಅಳೆದು ಅಳೆದು ಕಾಲಿಡುತ್ತದೆ. ಇದನ್ನು ಸೋಮಾರಿತನ ಎಂದುಕೊಂಡು ಚಾವಟಿ ಎತ್ತುವವರಿದ್ದಾರೆ.

ಕೈಗೆ ಏನು ತಿಳಿಯುತ್ತದೆ

ಮೊದಲು ಬಿಸಿ. ಅಂಗೈಯನ್ನಲ್ಲ, ಕೈಯ ಹಿಂಬದಿಯನ್ನು ಗೊರಸಿನ ಗೋಡೆಗೆ ತಾಗಿಸಿ. ನಾಲ್ಕನ್ನೂ ಹೋಲಿಸಿ. ಏಪ್ರಿಲ್ ಬಿಸಿಲಿಗೆ ಒಡ್ಡಿಕೊಂಡ ಕಪ್ಪು ಗೊರಸು ಆರೋಗ್ಯವಾಗಿದ್ದರೂ ಬಿಸಿಯಾಗಿಯೇ ಇರುತ್ತದೆ, ಆದ್ದರಿಂದ ನೆರಳಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿ.

ಬಿಸಿಗಿಂತ ನಾಡಿ ಹೆಚ್ಚು ನಂಬಿಕಸ್ತ. ಗೊರಸಿನ ಮೇಲಿನ ಮೊದಲ ದೊಡ್ಡ ಕೀಲು, ಅಂದರೆ ಫೆಟ್‌ಲಾಕ್, ಅದರ ಹಿಂಬದಿಯ ಎರಡೂ ಪಕ್ಕದಲ್ಲಿ ಬೆರಳಿಟ್ಟು ಮೆಲ್ಲಗೆ ಒತ್ತಿದರೆ ಹುರಿಯಂಥದ್ದು ಜಾರುತ್ತದೆ. ಅದರಲ್ಲೇ ರಕ್ತನಾಳವಿದೆ. ಆರೋಗ್ಯವಂತ ಕುದುರೆಯಲ್ಲಿ ನಾಡಿ ಹುಡುಕಬೇಕಾಗುತ್ತದೆ, ಕೆಲವೊಮ್ಮೆ ಸಿಗುವುದೇ ಇಲ್ಲ. ಬೆರಳಿಟ್ಟ ತಕ್ಷಣ ಟಕಟಕನೆ ಬಡಿದರೆ ಗೊರಸಿನೊಳಗೆ ಉರಿ ಎದ್ದಿದೆ. ಒಂದೇ ಕಾಲಿನಲ್ಲಿ ಬಡಿದರೆ ಕೀವು ಅಥವಾ ಪೆಟ್ಟು, ಎರಡು ಅಥವಾ ನಾಲ್ಕರಲ್ಲಿ ಬಡಿದರೆ ಲ್ಯಾಮಿನೈಟಿಸ್ (ಗೊರಸಿನೊಳಗಿನ ಪದರಗಳ ಉರಿಯೂತ) ಎಂದು ಮೊದಲು ಅನುಮಾನಿಸಿ. ಕುದುರೆ ಆರೋಗ್ಯವಾಗಿರುವಾಗಲೇ ದಿನವೂ ಬೆರಳಿಟ್ಟು ಅಭ್ಯಾಸ ಮಾಡಿಕೊಂಡಿದ್ದರೆ ಮಾತ್ರ ಈ ವ್ಯತ್ಯಾಸ ಕೈಗೆ ತಿಳಿಯುತ್ತದೆ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಬಾರಿ ಬಡಿಯುತ್ತದೆ. ನಿಂತಲ್ಲೇ 60 ದಾಟಿದ್ದರೆ ನೋವು ಜೋರಾಗಿದೆ ಎಂದರ್ಥ.

ಕೊನೆಗೆ ಗೊರಸು ಒತ್ತುವ ಇಕ್ಕಳ. ಲಾಳ ಕಟ್ಟುವವರ ಬಳಿ ಇರುತ್ತದೆ. ಹಿಮ್ಮಡಿಯಿಂದ ಶುರುಮಾಡಿ ಅಂಚಿನುದ್ದಕ್ಕೂ ಒಂದೊಂದೇ ಅಂಗುಲ ಸರಿಸುತ್ತ ಒತ್ತಬೇಕು. ಒಂದೇ ಬಿಂದುವಿನಲ್ಲಿ ಪ್ರತಿ ಬಾರಿಯೂ ಕಾಲು ಕಿತ್ತುಕೊಂಡರೆ ಜಾಗ ಸಿಕ್ಕಿತು. ಎಲ್ಲೆಡೆಯೂ ಕಿತ್ತುಕೊಂಡರೆ ಒಂದೋ ನೀವು ಅತಿಯಾಗಿ ಒತ್ತುತ್ತಿದ್ದೀರಿ, ಇಲ್ಲವೇ ಅಡಿ ತೀರ ತೆಳ್ಳಗಾಗಿದೆ.

ಒಂದೇ ಕಾಲು, ಇದ್ದಕ್ಕಿದ್ದಂತೆ

ನಿನ್ನೆ ಸಂಜೆ ಚೆನ್ನಾಗಿದ್ದ ಕುದುರೆ ಬೆಳಿಗ್ಗೆ ಮೂರು ಕಾಲಿನ ಮೇಲೆ ನಿಂತಿದೆ. ಕಾಲು ಮುರಿದಿದೆಯೋ ಎಂದು ಎದೆ ಧಸಕ್ಕೆನ್ನುತ್ತದೆ. ಹೆಚ್ಚಿನ ಬಾರಿ ಅದು ಗೊರಸಿನೊಳಗಿನ ಕೀವು. ಗೋಡೆ ಹಿಗ್ಗುವುದಿಲ್ಲ, ಕೀವಿಗೆ ಹೊರಬರಲು ದಾರಿಯಿಲ್ಲ, ಒತ್ತಡ ಏರುತ್ತಲೇ ಹೋಗುತ್ತದೆ. ಹಾಗಾಗಿ ಸಣ್ಣ ಸೋಂಕಿಗೂ ಇಷ್ಟು ದೊಡ್ಡ ಕುಂಟು.

ಬೆಂಗಳೂರಿನಲ್ಲಿ ಇದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೆಚ್ಚು. ಆ ಎರಡು ತಿಂಗಳ ಮಳೆಗೆ ಗೊರಸು ನೆನೆದು ಮೆತ್ತಗಾಗುತ್ತದೆ, ಗೋಡೆಯೂ ಅಡಿಯೂ ಸೇರುವ ಬಿಳಿ ಗೆರೆ ಬಾಯಿ ಬಿಡುತ್ತದೆ, ಮಣ್ಣಿನ ಕಣ ಅಲ್ಲಿ ಹೊಕ್ಕುತ್ತದೆ. ಅಡಿಯನ್ನು ಚೆನ್ನಾಗಿ ತೊಳೆದು, ಒರೆಸಿ, ಬಿಳಿ ಗೆರೆಯುದ್ದಕ್ಕೂ ಬೆಳಕು ಬಿಟ್ಟು ನೋಡಿ. ಹುಡುಕುವುದು ದೊಡ್ಡ ಗಾಯವನ್ನಲ್ಲ. ಸಾಸಿವೆಯಷ್ಟು ಕಪ್ಪು ಚುಕ್ಕೆ. ಅದರ ಜಾಡು ಹಿಡಿದು ವೈದ್ಯರು ಸಣ್ಣ ಚಾಕುವಿನ ತುದಿಯಿಂದ ಕೆರೆಯುತ್ತ ಹೋದಂತೆ ಕಪ್ಪು ಒಳಕ್ಕೆ ಸಾಗುತ್ತದೆ. ಒಂದು ಹಂತದಲ್ಲಿ ಬೂದು ಬಣ್ಣದ ನೀರಿನಂಥ ಕೀವು ಚಿಮ್ಮಿ, ಕೊಳೆತ ಮೊಟ್ಟೆಯ ವಾಸನೆ ಹರಡುತ್ತದೆ. ಕುದುರೆಯ ಮುಖವೇ ಬದಲಾಗುತ್ತದೆ, ಕೆಲವು ಅಲ್ಲೇ ಕಾಲೂರಿ ಹುಲ್ಲಿಗೆ ಬಾಯಿ ಹಾಕುತ್ತವೆ.

ತೂತು ಚಿಕ್ಕದಾಗಿರಬೇಕು. ಕೀವು ಇಳಿಯುವಷ್ಟು ಸಾಕು. ಅಡಿಯ ಅರ್ಧ ಭಾಗವನ್ನೇ ಕೆತ್ತಿ ಕೈಗೆ ಕೊಡುವ ಉತ್ಸಾಹಿಗಳಿಂದ ದೂರವಿರಿ, ಆ ಗಾಯ ಮಾಯಲು ತಿಂಗಳುಗಟ್ಟಲೆ ಬೇಕು. ಆಮೇಲೆ ಎಪ್ಸಮ್ ಉಪ್ಪಿನ ಪೇಸ್ಟ್ ಹಚ್ಚಿ, ಮಕ್ಕಳ ಡೈಪರ್ ಸುತ್ತಿ, ಅದರ ಮೇಲೆ ಅಗಲದ ಟೇಪು. ಗೊರಸಿಗೆ ಹೇಳಿ ಮಾಡಿಸಿದಂತೆ ಡೈಪರ್ ಕೂರುತ್ತದೆ. ದಿನಕ್ಕೊಮ್ಮೆ ಬದಲಿಸಿ. ಧನುರ್ವಾಯುವಿನ ಲಸಿಕೆ ಯಾವಾಗ ಹಾಕಿಸಿದ್ದು ಎಂದು ಪುಸ್ತಕ ನೋಡಿ, ಕುದುರೆಗಳು ಆ ರೋಗಕ್ಕೆ ಬಹಳ ಬೇಗ ತುತ್ತಾಗುತ್ತವೆ.

ಲಾಳ ಕಟ್ಟಿದ ಮೊದಲ ಕೆಲವೇ ದಿನಗಳಲ್ಲಿ ಕುಂಟು ಬಂದರೆ ಮೊಳೆಗಳ ಮೇಲೆ ಅನುಮಾನವಿರಲಿ. ಮೊಳೆ ಒಳಗಿನ ಜೀವಂತ ಪದರಕ್ಕೆ ಚುಚ್ಚಿದ್ದರೆ ಅದೇ ದಿನ ಕುಂಟುತ್ತದೆ. ಚುಚ್ಚದೆ ಹತ್ತಿರದಲ್ಲಿ ಒತ್ತುತ್ತಿದ್ದರೆ ಎರಡು ಮೂರು ದಿನ ತಡವಾಗಿ ಕುಂಟುತ್ತದೆ. ಒಂದೊಂದೇ ಮೊಳೆಯ ತಲೆಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ತಪ್ಪಿತಸ್ಥ ಮೊಳೆ ತಾನಾಗಿಯೇ ಸಿಕ್ಕಿಬೀಳುತ್ತದೆ. ಲಾಳ ಕಟ್ಟುವವರ ಮೇಲೆ ಕೂಗಾಡುವ ಮೊದಲು ಗೋಡೆಯ ದಪ್ಪ ನೋಡಿ. ರೇಸಿನಿಂದ ಬಂದ ಥರೋಬ್ರೆಡ್‌ಗಳ ಗೋಡೆ ಎಷ್ಟು ತೆಳ್ಳಗಿರುತ್ತದೆ ಎಂದರೆ, ಮೊಳೆ ಹೊಡೆಯಲು ಅವರಿಗೆ ಸಿಗುವ ಜಾಗವೇ ಕೂದಲೆಳೆಯಷ್ಟು.

ಎರಡೂ ಮುಂಗಾಲು

ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಮ್ಮಡಿಗೂ ಹಿಂಗಾಲಿಗೂ ತಳ್ಳಿ ನಿಂತಿದೆ. ತಿರುಗಿಸಿದರೆ ಮುಂಗಾಲೆತ್ತಲು ಒಪ್ಪುವುದಿಲ್ಲ. ನಾಡಿ ಬಡಿಯುತ್ತಿದೆ. ಇದು ಲ್ಯಾಮಿನೈಟಿಸ್. ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಬೆಸೆದು ಹಿಡಿದಿರುವ ಪದರಗಳು ಉರಿಯೆದ್ದು ಸಡಿಲಗೊಳ್ಳುತ್ತವೆ. ಬೆಸುಗೆ ಪೂರ್ತಿ ಬಿಟ್ಟರೆ ಮೂಳೆ ತಿರುಗಿ ಅಡಿಯ ಕಡೆಗೆ ಇಳಿಯುತ್ತದೆ. ಮೈಭಾರದ ಸುಮಾರು ಶೇ. 60 ಭಾಗ ಮುಂಗಾಲುಗಳ ಮೇಲೆಯೇ ಇರುವುದರಿಂದ ಮೊದಲು ಸೋಲುವುದೂ ಅವೇ.

ಕಾರಣ ಹೆಚ್ಚಾಗಿ ಕಾಲಿನಲ್ಲಿಲ್ಲ, ಹೊಟ್ಟೆಯಲ್ಲಿದೆ. ದಾಣಿಯ ಕೋಣೆಯ ಬಾಗಿಲು ತೆರೆದಿತ್ತು, ಕುದುರೆ ರಾತ್ರಿಯಿಡೀ ಬಾರ್ಲಿ ತಿಂದಿತು ಎಂಬುದು ಒಂದು ಬಗೆ. ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿ, ಬೀದಿಯವರೆಲ್ಲ ಒಬ್ಬರಾದ ಮೇಲೊಬ್ಬರು ಬೆಲ್ಲ, ಬಾಳೆಹಣ್ಣು, ನೆನೆಸಿದ ಕಡಲೆ ತಿನ್ನಿಸುವುದು ಅದರ ಭಕ್ತಿಪೂರ್ವಕ ರೂಪ. ಇನ್ನೊಂದು ನಿಧಾನವಾದದ್ದು: ಬೊಜ್ಜು, ಅದರಿಂದ ರಕ್ತದಲ್ಲಿ ಇನ್ಸುಲಿನ್ ಏರುವುದು. ಪೋನಿಗಳಲ್ಲಿ ಮತ್ತು ಕಡಿಮೆ ಮೇವಿನಲ್ಲೇ ಮೈ ಹಿಡಿಯುವ ತಳಿಗಳಲ್ಲಿ ಇದೇ ಹೆಚ್ಚು. ಹೆತ್ತ ಹೆಣ್ಣು ಕುದುರೆಯ ಮಾಸು ಒಳಗೇ ಉಳಿದರೂ, ಒಂದು ಕಾಲಿನ ಗಾಯದಿಂದಾಗಿ ಇನ್ನೊಂದೇ ಕಾಲಿನ ಮೇಲೆ ವಾರಗಟ್ಟಲೆ ನಿಂತರೂ ಇದೇ ಗತಿ.

ತಿಳಿದಿರಬೇಕಾದ ಮುಖ್ಯ ಸಂಗತಿ ಇದು. ಧಾನ್ಯ ಹೆಚ್ಚು ತಿಂದ ಕುದುರೆ ತಕ್ಷಣ ಕುಂಟುವುದಿಲ್ಲ. ಒಂದು, ಕೆಲವೊಮ್ಮೆ ಎರಡು ದಿನ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಕೆಡುಕು ನಡೆಯುವುದು ಆ ಹೊತ್ತಿನಲ್ಲೇ. ಆದ್ದರಿಂದ ಖಾಲಿ ಡಬ್ಬಿ ಕಂಡ ಬೆಳಿಗ್ಗೆಯೇ ವೈದ್ಯರಿಗೆ ಹೇಳಿ, ಕುಂಟಿಗಾಗಿ ಕಾಯದೆ ಐಸ್ ಶುರುಮಾಡಿ. ಬಕೆಟ್ ಅಥವಾ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಐಸು ಮತ್ತು ನೀರು, ಫೆಟ್‌ಲಾಕ್‌ಗಿಂತ ಮೇಲಿನವರೆಗೆ, ಎಡೆಬಿಡದೆ 48ರಿಂದ 72 ಗಂಟೆ. ದಿನಕ್ಕೆ ಎರಡು ಸಲ ಇಪ್ಪತ್ತು ನಿಮಿಷ ತಣ್ಣೀರು ಬಿಡುವುದು ಇದಕ್ಕೆ ಬದಲಿಯಲ್ಲ. ಇಷ್ಟು ಐಸ್ ಫ್ರಿಜ್ಜಿನಿಂದ ಸಿಗುವುದಿಲ್ಲ, ಮೀನಿನಂಗಡಿಗೆ ಐಸ್ ಹಾಕುವವರ ನಂಬರ್ ಲಾಯದ ಗೋಡೆಯ ಮೇಲೆ ಬರೆದಿಟ್ಟಿರಬೇಕು. ಕುದುರೆಯನ್ನು ನಡೆಸಿದರೆ ರಕ್ತ ಓಡಾಡಿ ಸರಿಹೋಗುತ್ತದೆ ಎಂಬ ಹಳೆಯ ನಂಬಿಕೆ ಇನ್ನೂ ಜೀವಂತವಾಗಿದೆ. ಒಂದೊಂದು ಹೆಜ್ಜೆಯೂ ಸಡಿಲವಾದ ಬೆಸುಗೆಯನ್ನು ಇನ್ನಷ್ಟು ಹರಿಯುತ್ತದೆ. ಆಳವಾದ ಮರದ ಹೊಟ್ಟಿನ ಹಾಸು ಹಾಕಿ ನಿಲ್ಲಿಸಿ, ಬೇಕಾದರೆ ಮಲಗಲಿ.

ಇದನ್ನೇ ಹೋಲುವ ಇನ್ನೊಂದು ದೋಷವಿದೆ. ಕೆಲಸಕ್ಕೆ ಹೊರಟ ಸ್ವಲ್ಪ ಹೊತ್ತಿನಲ್ಲೇ ಕುದುರೆ ಬೆವರಿ, ಹಿಂಭಾಗ ಕಲ್ಲಿನಂತೆ ಬಿಗಿದು, ಅಲ್ಲೇ ನಿಂತುಬಿಡುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದು ಗೊರಸಿನದ್ದಲ್ಲ, ಸ್ನಾಯುಗಳದ್ದು. ದುಡಿಮೆ ಇಲ್ಲದ ದಿನಗಳಲ್ಲೂ ಪೂರ್ತಿ ದಾಣಿ ತಿಂದು, ಆಮೇಲೆ ಒಮ್ಮೆಗೇ ಕೆಲಸಕ್ಕೆ ಇಳಿದವುಗಳಲ್ಲಿ ಕಾಣುತ್ತದೆ. ಅಲ್ಲೇ ನಿಲ್ಲಿಸಿ, ನೀರು ಕೊಡಿ, ವೈದ್ಯರನ್ನು ಕರೆಸಿ.

ಈಗ ಟೇಪು

ಎದೆಸುತ್ತು: ಮುಂಗಾಲುಗಳ ಹಿಂದೆ, ಜೀನಿನ ಪಟ್ಟಿ ಕೂರುವಲ್ಲಿ, ಹೆಗಲ ದಿಬ್ಬದ ಹಿಂಬದಿಯಿಂದ ಸುತ್ತು ಹಾಕಿ ಉಸಿರು ಬಿಟ್ಟಾಗ ಓದಿ. ಉದ್ದ: ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ. ಎರಡೂ ಸೆಂಟಿಮೀಟರಿನಲ್ಲಿ. ಎದೆಸುತ್ತನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಬರುವುದು ಕಿಲೋಗ್ರಾಂ. ಎದೆಸುತ್ತು 180, ಉದ್ದ 165 ಇದ್ದರೆ 450 ಕೆ.ಜಿ. ಪೋನಿಗಳಿಗೂ ಮರಿಗಳಿಗೂ ಈ ಭಾಜಕ ಅಷ್ಟು ಸರಿಹೊಂದುವುದಿಲ್ಲ, ಗಬ್ಬದ ಕುದುರೆಗೆ ಸಲ್ಲುವುದೇ ಇಲ್ಲ. ಆದರೂ ಅದೇ ಟೇಪು, ಅದೇ ಕೈ, ಅದೇ ಜಾಗ ಎಂದಿಟ್ಟುಕೊಂಡರೆ ತೂಕ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ತಪ್ಪದೆ ತಿಳಿಯುತ್ತದೆ. ಕುದುರೆಯನ್ನು ಲಾರಿಯಲ್ಲಿ ಸಾಗಿಸುವ ಸಂದರ್ಭ ಬಂದರೆ ದಾರಿಯ ವೇಬ್ರಿಡ್ಜ್‌ನಲ್ಲಿ ಕುದುರೆ ಸಮೇತ ಒಮ್ಮೆ, ಇಳಿಸಿದ ಮೇಲೆ ಒಮ್ಮೆ ತೂಗಿಸಿ ನಿಮ್ಮ ಟೇಪನ್ನು ಪರೀಕ್ಷಿಸಿಕೊಳ್ಳಿ.

ಇನ್ನು ಗೊರಸಿನ ಸುತ್ತಳತೆ. ಕೂದಲು ಮುಗಿಯುವ ಅಂಚಿನ ಸ್ವಲ್ಪ ಕೆಳಗೆ ಟೇಪು ಸುತ್ತಿ. ಅಮೆರಿಕದ ಕುದುರೆ ವೈದ್ಯರು ಬಳಸುವ ಒಂದು ಸ್ಥೂಲ ಲೆಕ್ಕವಿದೆ: ಮೈತೂಕವನ್ನು 12.566ರಿಂದ ಗುಣಿಸಿ, ಗೊರಸಿನ ಸುತ್ತಳತೆಯ ವರ್ಗದಿಂದ ಭಾಗಿಸಿ. ಗೊರಸನ್ನು ದುಂಡಗಿನದೆಂದು ಭಾವಿಸಿ, ಇಡೀ ಮೈಭಾರ ಒಂದೇ ಗೊರಸಿನ ಮೇಲೆ ಬಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಎಷ್ಟು ಕಿಲೋ ಎಂದು ಅದು ಹೇಳುತ್ತದೆ. ಅವರ ಲೆಕ್ಕದಲ್ಲಿ ಚದರ ಅಂಗುಲಕ್ಕೆ 78 ಪೌಂಡ್ ಮಿತಿ, ನಮ್ಮ ಅಳತೆಯಲ್ಲಿ ಸುಮಾರು 5.5. ಅದಕ್ಕಿಂತ ಕೆಳಗಿದ್ದರೆ ಒಳ್ಳೆಯದು.

ಒಂದು ಮಾರವಾಡಿ ಹೆಣ್ಣು ಕುದುರೆಯನ್ನು ತೆಗೆದುಕೊಳ್ಳೋಣ. ಜ್ಯೇಷ್ಠದ ಮದುವೆಗಳು ಮುಗಿದಾಗ ಎದೆಸುತ್ತು 165, ಉದ್ದ 152, ತೂಕ 348 ಕೆ.ಜಿ. ಗೊರಸಿನ ಸುತ್ತಳತೆ 29. ಲೆಕ್ಕ ಹಾಕಿದರೆ 5.2, ಚಿಂತೆಯಿಲ್ಲ. ಆಷಾಢ ಬಂತು, ಮದುವೆ ಇಲ್ಲ, ಕುದುರೆ ಕಟ್ಟಿದಲ್ಲೇ ಇದೆ, ದಾಣಿ ಮಾತ್ರ ಹಾಗೇ ನಡೆದಿದೆ. ಶ್ರಾವಣದ ಹೊತ್ತಿಗೆ ಎದೆಸುತ್ತು 172. ಟೇಪಿನಲ್ಲಿ 7 ಸೆಂಟಿಮೀಟರ್ ಅಷ್ಟೇ, ಆದರೆ ತೂಕ 378, ಅಂದರೆ 30 ಕಿಲೋ ಹೆಚ್ಚು. ಗೊರಸು ಅದೇ 29, ಲೆಕ್ಕ ಈಗ 5.6 ದಾಟಿದೆ. ಶ್ರಾವಣದ ಮೊದಲ ಮೆರವಣಿಗೆಯಲ್ಲಿ ಟಾರಿನ ಮೇಲೆ ಆ ಕುದುರೆ ಹೆಜ್ಜೆ ಚಿಕ್ಕದು ಮಾಡಿದರೆ ಭುಜಕ್ಕೆ ಎಣ್ಣೆ ಹಚ್ಚಿ ಪ್ರಯೋಜನವೇನು? ಅದೂ ಅಲ್ಲದೆ ಮೇಲೆ ಕೂರುವ ಭಾರ ಮೈತೂಕದ ಶೇ. 20 ಮೀರಬಾರದು ಎಂಬುದು ಸವಾರರ ವಲಯದ ರೂಢಿ. 348 ಕಿಲೋದ ಕುದುರೆಗೆ ಜೀನು, ಜರತಾರಿ, ಎಲ್ಲ ಸೇರಿ 70 ಕಿಲೋ. ಇಂದಿನ ವರ ಒಬ್ಬನೇ ಅದನ್ನು ದಾಟುತ್ತಾನೆ, ಅವನ ಮುಂದೆ ಅಕ್ಕನ ಮಗನನ್ನು ಬೇರೆ ಕೂರಿಸುತ್ತಾರೆ.

ಯಾವ ತಳಿಗೆ ಯಾವ ಅನುಮಾನ

ಪ್ರಾಣಿಯ ಅಳತೆ ಎಲ್ಲ ದಿಕ್ಕಿನಲ್ಲೂ ಇಮ್ಮಡಿಯಾದರೆ ತೂಕ ಎಂಟು ಪಟ್ಟಾಗುತ್ತದೆ, ಗೊರಸಿನ ಅಡಿ ನಾಲ್ಕು ಪಟ್ಟು ಮಾತ್ರ. ಹಾಗಾಗಿ ದೊಡ್ಡ ತಳಿಗೆ ದೇಹದ ಪ್ರಮಾಣಕ್ಕಿಂತ ದೊಡ್ಡ ಗೊರಸು ಬೇಕು. ಒಂದು ಟನ್‌ವರೆಗೆ ತೂಗುವ ಇಂಗ್ಲೆಂಡಿನ ಶೈರ್ ಕುದುರೆಗಳಿಗೆ ಅಂಥ ಅಗಲ ಗೊರಸುಗಳಿವೆ. ದಪ್ಪ ಮಾಂಸಖಂಡಕ್ಕೂ ಚಿಕ್ಕ ಕಾಲಿಗೂ ಆಸೆಪಟ್ಟು ಬೆಳೆಸಿದ ಅಮೆರಿಕದ ಕ್ವಾರ್ಟರ್ ಕುದುರೆಯ ಕೆಲವು ವಂಶಗಳಲ್ಲಿ ಗೊರಸಿನ ಹಿಂಭಾಗದ ನೋವು ಕುಲದ ಕಾಯಿಲೆಯಂತಾಗಿದೆ.

ನಮ್ಮಲ್ಲಿ ಥರೋಬ್ರೆಡ್ ಸಾಮಾನ್ಯವಾಗಿ 450ರಿಂದ 550 ಕೆ.ಜಿ. ತೂಗುತ್ತದೆ. ತೆಳು ಗೋಡೆ, ತೆಳು ಅಡಿ, ಮುಂತುದಿ ಉದ್ದ, ಹಿಮ್ಮಡಿ ತಗ್ಗು. ರೇಸಿನಲ್ಲಿ ಹಗುರವಾದ ಅಲ್ಯೂಮಿನಿಯಂ ಲಾಳ ಕಟ್ಟಿಸಿಕೊಂಡು, ಹದಗೊಳಿಸಿದ ಟ್ರ್ಯಾಕಿನ ಮೇಲೆ ಓಡಿದ ಗೊರಸು ಅದು. ಋತು ಮುಗಿದು ಹೊಸ ಯಜಮಾನನ ಕೈಸೇರಿದ ಮೇಲೆ ಜಲ್ಲಿ ರಸ್ತೆಯಲ್ಲಿ ನಡೆಯಬೇಕಾಗುತ್ತದೆ. ಇಲ್ಲಿ ಮೊದಲ ಅನುಮಾನ ಅಡಿಯ ಜಜ್ಜುಗಾಯ, ಕೀವು, ಹಿಮ್ಮಡಿ ನೋವು. ಅದು ಬಡಕಲಾಗಿದ್ದರೆ ಗೊರಸೂ ಬಡವಾಗಿಯೇ ಬೆಳೆಯುತ್ತದೆ, ಮೊದಲು ಹೊಟ್ಟೆಗೆ ಹಾಕಿ. ಮೈತೂಕದ ಶೇ. 2ರಷ್ಟು ಒಣ ಮೇವು, ಅಂದರೆ 480 ಕಿಲೋದ ಕುದುರೆಗೆ ದಿನಕ್ಕೆ ಸುಮಾರು ಒಂಬತ್ತೂವರೆ ಕಿಲೋ, ಅದರಲ್ಲಿ ಹೆಚ್ಚಿನದು ಹುಲ್ಲೇ ಆಗಿರಬೇಕು.

ಮಾರವಾಡಿ 350ರಿಂದ 400ರೊಳಗೆ, ಕಾಠಿಯಾವಾಡಿ 300ರ ಆಸುಪಾಸು. ಒಣ ನಾಡಿನ ತಳಿಗಳು, ಗಟ್ಟಿ ಗೊರಸಿಗೆ ಹೆಸರಾದವು. ಇವುಗಳ ಗೋಡೆ ಕೈಕೊಡುವುದು ಅಪರೂಪ. ನಮ್ಮ ಒದ್ದೆ ಲಾಯ ಮತ್ತು ಉದಾರವಾದ ದಾಣಿ ಎರಡೂ ಅವುಗಳಿಗೆ ಹೊಸದು. ಪೋನಿಗಳ ವಿಷಯದಲ್ಲಿ ನನ್ನ ಅನುಮಾನ ಒಂದೇ, ಲ್ಯಾಮಿನೈಟಿಸ್. ಅದು ಅಲ್ಲ ಎಂದು ತೋರಿಸಿಕೊಟ್ಟ ಮೇಲೆಯೇ ಬೇರೆ ಮಾತು. ಪಕ್ಕೆಲುಬು ಕಾಣಬಾರದು, ಆದರೆ ಕೈಯಾಡಿಸಿದರೆ ಸುಲಭವಾಗಿ ಸಿಗಬೇಕು. ಜೂಲಿನ ಕೆಳಗೆ ಕತ್ತಿನ ಏಣು ಗಟ್ಟಿಯಾಗಿ ಒಂದು ಪಕ್ಕಕ್ಕೆ ವಾಲುತ್ತಿದ್ದರೆ ಅಪಾಯ ಹತ್ತಿರದಲ್ಲಿದೆ. ಮೈಕಟ್ಟನ್ನು 1ರಿಂದ 9ರವರೆಗೆ ಅಂಕ ಹಾಕುವ ಹೆನೆಕೆ ಪದ್ಧತಿ 1983ರಿಂದ ಬಳಕೆಯಲ್ಲಿದೆ. 5ರ ಸುತ್ತಮುತ್ತ ಇದ್ದರೆ ಸರಿ, 7 ದಾಟಿದರೆ ಬೊಜ್ಜು.

ನಿಧಾನವಾಗಿ ಬರುವವು

ಅಡಿಯ ನಡುವಿನ ಮೆತ್ತನೆಯ ತ್ರಿಕೋನದ ಪಕ್ಕದ ಸಂದುಗಳಲ್ಲಿ ಕಪ್ಪು ಲೋಳೆ, ಮೂಗು ಮುಚ್ಚುವ ವಾಸನೆ: ಕೊಳೆರೋಗ. ಹಾಸು ಒಣಗಿಸಿ, ದಿನವೂ ಕೆರೆದು ತೊಳೆದು ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ. ಲಾಯದ ನೆಲದಲ್ಲಿ ಮೂತ್ರ ನಿಲ್ಲುತ್ತಿದ್ದರೆ ಯಾವ ಮದ್ದೂ ನಾಟುವುದಿಲ್ಲ.

ಬಿರುಕು: ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣಹವೆಯಲ್ಲಿ ಹೆಚ್ಚು. ಮೇಲ್ಮೈಯ ಸಣ್ಣ ಸೀಳುಗಳಿಗೆ ತಲೆಕೆಡಿಸಿಕೊಳ್ಳಬೇಡಿ. ಕೂದಲಂಚಿನಿಂದ ಇಳಿಯುವ, ನಡೆದಾಗ ಬಾಯಿ ಬಿಡುವ ಬಿರುಕು ಬೇರೆ, ಅದಕ್ಕೆ ನುರಿತ ಕೈ ಬೇಕು. ಗೊರಸಿನ ಗುಣಮಟ್ಟಕ್ಕೆಂದು ಬಯೋಟಿನ್ ಕೊಡುವುದಾದರೆ ದಿನಕ್ಕೆ 15ರಿಂದ 20 ಮಿಲಿಗ್ರಾಂ, ಕನಿಷ್ಠ ಆರು ತಿಂಗಳು. ಒಂದು ಡಬ್ಬಿ ಮುಗಿಸಿ ಗುಣ ಕಾಣಲಿಲ್ಲ ಎನ್ನುವಂತಿಲ್ಲ.

ಉಂಗುರಗಳನ್ನು ಓದಲು ಕಲಿತರೆ ಗೊರಸೇ ಡೈರಿಯಾಗುತ್ತದೆ. ಗೋಡೆ ತಿಂಗಳಿಗೆ ಸುಮಾರು 8ರಿಂದ 10 ಮಿಲಿಮೀಟರ್ ಕೆಳಕ್ಕೆ ಬೆಳೆಯುತ್ತದೆ. ಮುಂತುದಿ ಪೂರ್ತಿ ಹೊಸದಾಗಲು ಒಂಬತ್ತು ತಿಂಗಳಿಂದ ವರ್ಷ ಬೇಕು. ಜನವರಿಯಲ್ಲಿ ಕುದುರೆ ಕೊಳ್ಳಲು ಹೋಗಿದ್ದೀರಿ, ಕೂದಲಂಚಿನಿಂದ 3 ಸೆಂಟಿಮೀಟರ್ ಕೆಳಗೆ ನಾಲ್ಕೂ ಗೊರಸಿನಲ್ಲಿ ಏಣು ಕಾಣುತ್ತದೆ ಎಂದರೆ ದಸರೆಯ ಹೊತ್ತಿಗೆ ಏನೋ ಆಗಿತ್ತು: ಜ್ವರ, ಮೇವಿನ ಬದಲಾವಣೆ, ಇಲ್ಲವೇ ಹಬ್ಬದೂಟ. ಉಂಗುರಗಳ ನಡುವಿನ ಅಂತರ ಮುಂದೆ ಕಿರಿದಾಗಿ ಹಿಮ್ಮಡಿಯಲ್ಲಿ ಅಗಲವಾಗಿದ್ದರೆ ಅದು ಹಳೆಯ ಲ್ಯಾಮಿನೈಟಿಸ್‌ನ ಸಹಿ. ಮಾರುವವರು ಗೊರಸಿಗೆ ಕಪ್ಪು ಪಾಲಿಶ್ ಹಚ್ಚಿ ತಂದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಮುಂದಿನ ಮಾತಾಡಿ.

ಗೊರಸು ಚೆನ್ನಾಗಿದೆ, ಕುಂಟು ಮಾತ್ರ ಹೋಗಿಲ್ಲ

ಇವತ್ತು ಈ ಕಾಲು, ಮುಂದಿನ ವಾರ ಆ ಕಾಲು ಎಂದು ಕುಂಟು ಜಾಗ ಬದಲಿಸುತ್ತಿದ್ದರೆ ಮೇವಿನ ಪಟ್ಟಿ ತೆಗೆಯಿರಿ. ಗೋಧಿ ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ನೇಪಿಯರ್, ಸೆಟೇರಿಯಾದಂಥ ಹುಲ್ಲಿನಲ್ಲಿರುವ ಆಕ್ಸಲೇಟ್ ಇರುವ ಸುಣ್ಣದಂಶವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಸುವಿಗೆಂದು ಬೆಳೆದ ನೇಪಿಯರನ್ನೇ ಕುದುರೆಗೂ ಹಾಕಿ, ಮೇಲೆ ಬೂಸಾ ಸುರಿದರೆ ದೇಹ ತನ್ನ ಮೂಳೆಯಿಂದಲೇ ಸುಣ್ಣ ತೆಗೆಯಲು ಶುರುಮಾಡುತ್ತದೆ. ಹಸು ತಾಳಿಕೊಳ್ಳುತ್ತದೆ, ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆಯುತ್ತವೆ. ಕುದುರೆಗೆ ಆ ಅನುಕೂಲವಿಲ್ಲ. ಮುಖದ ಮೂಳೆ ಎರಡೂ ಕಡೆ ಉಬ್ಬಿದ್ದರೆ ರೋಗ ಬಹಳ ಮುಂದುವರಿದಿದೆ. ಬೂಸಾ ಕಡಿಮೆ ಮಾಡಿ, ಗರಿಕೆಯಂಥ ಹುಲ್ಲು ಮತ್ತು ಸುಣ್ಣದಂಶ ಹೆಚ್ಚಿರುವ ಕುದುರೆ ಮಸಾಲೆ ಸೊಪ್ಪು ಸೇರಿಸುವ ಬಗ್ಗೆ ವೈದ್ಯರನ್ನು ಕೇಳಿ. ಬೊಜ್ಜಿನ ಪೋನಿಗೆ ಮಾತ್ರ ಆ ಸೊಪ್ಪನ್ನು ಧಾರಾಳವಾಗಿ ಹಾಕಬೇಡಿ.

ಅದೂ ಅಲ್ಲವಾದರೆ ನರಕ್ಕೆ ಅರಿವಳಿಕೆ ಕೊಟ್ಟು ನೋವಿನ ಜಾಗ ಹುಡುಕುವುದು, ಎಕ್ಸ್‌ರೇ, ಸ್ಕ್ಯಾನ್. ಇಲ್ಲಿಂದ ಮುಂದೆ ಅದು ವೈದ್ಯರ ಕೆಲಸ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯುವುದಾದರೆ ಟ್ರಾಫಿಕ್ ಏಳುವ ಮೊದಲು ಹೊರಡಿ. ಸಿಗ್ನಲ್ಲಿನಲ್ಲಿ ನಿಂತು ಹೊರಡುವ ಲಾರಿಯೊಳಗೆ ಪ್ರತಿ ಬ್ರೇಕಿಗೂ ನೋಯುವ ಕಾಲಿನ ಮೇಲೆಯೇ ಭಾರ ಬೀಳುತ್ತದೆ. ಮುಂಗಾಲು ನೋಯುವ ಕುದುರೆಯನ್ನು ಹಿಂದಕ್ಕೆ ಮುಖ ಮಾಡಿ ನಿಲ್ಲಿಸಿದರೆ ಬ್ರೇಕಿನ ಭಾರವನ್ನು ಹಿಂಗಾಲು ಹೊರುತ್ತದೆ.

ತೂಕ ಇಳಿಸುವಾಗ

ಬೊಜ್ಜು ಎಂದು ಗೊತ್ತಾದೊಡನೆ ಪೋನಿಯನ್ನು ಉಪವಾಸ ಕೆಡವಬೇಡಿ. ಮೇವು ಒಮ್ಮೆಗೇ ನಿಂತರೆ ಮೈಯ ಕೊಬ್ಬು ರಕ್ತಕ್ಕೆ ಇಳಿದು ಯಕೃತ್ತು ಕೆಡುತ್ತದೆ, ಪೋನಿಗಳು ಅದರಿಂದಲೇ ಸಾಯುವುದುಂಟು. ಮೊದಲು ಧಾನ್ಯ, ಬೆಲ್ಲ, ಬ್ರೆಡ್ಡು, ಸಂದರ್ಶಕರ ಚಪಾತಿ ನಿಲ್ಲಲಿ. ಒಣ ಹುಲ್ಲನ್ನು ಮೈತೂಕದ ಶೇ. 1.5ಕ್ಕೆ ಇಳಿಸಿ, 220 ಕಿಲೋದ ಪೋನಿಗೆ ದಿನಕ್ಕೆ 3.3 ಕಿಲೋ, ತಕ್ಕಡಿಯಲ್ಲಿ ತೂಗಿಯೇ. ಹುಲ್ಲನ್ನು ಒಂದು ಗಂಟೆ ನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿದರೆ ಅದರ ಸಕ್ಕರೆಯಂಶ ಒಂದಿಷ್ಟು ಇಳಿಯುತ್ತದೆ. ಅದನ್ನು ಹಲವು ಸಣ್ಣ ಕಟ್ಟುಗಳಾಗಿ ಮಾಡಿ ಬಲೆಯಲ್ಲಿ ತೂಗುಹಾಕಿದರೆ ತಿನ್ನಲು ಹೊತ್ತು ಹಿಡಿಯುತ್ತದೆ. ಉಪ್ಪು ಮತ್ತು ಖನಿಜಾಂಶ ತಪ್ಪಿಸಬೇಡಿ. ಗೊರಸಿನ ನೋವು ಪೂರ್ತಿ ಹೋಗಿ ವೈದ್ಯರು ಒಪ್ಪಿದ ಮೇಲೆಯೇ ನಡಿಗೆ.

ವಾರಕ್ಕೆ ಮೈತೂಕದ ಶೇ. ಅರ್ಧದಿಂದ ಒಂದರಷ್ಟು ಇಳಿದರೆ ಸಾಕು. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಮೇವಿಗೆ ಮುಂಚೆ, ಒಬ್ಬರೇ ಅಳೆದು ದಿನಾಂಕದ ಜೊತೆ ಬರೆದಿಡಿ. ಗೊರಸು ಹೆರೆಯುವ ಇಲ್ಲವೇ ಲಾಳ ಬದಲಿಸುವ ಆರು ವಾರದ ದಿನಾಂಕವನ್ನೂ ಅದೇ ಪುಟದಲ್ಲಿ ಬರೆಯಿರಿ. ಆಷಾಢ ಶುರುವಾಗುವ ಹಿಂದಿನ ದಿನ ಮದುವೆ ಕುದುರೆಗಳ ದಾಣಿಯ ಡಬ್ಬಿಯನ್ನು ಚಿಕ್ಕದಕ್ಕೆ ಬದಲಿಸಿ, ದೊಡ್ಡದನ್ನು ಬೀಗ ಹಾಕಿ ಇಡಿ. ಹಳೆಯ ಡಬ್ಬಿ ಕಣ್ಣಿಗೆ ಬಿದ್ದರೆ ಲಾಯದ ಹುಡುಗರು ಅದನ್ನೇ ತುಂಬಿಸುತ್ತಾರೆ.